ಸೋಗು ಹಾಕಿದ ಚೀಲ

2024ರಲ್ಲಿ ನರಕ ಚತುರ್ದಶಿ, ಹ್ಯಾಲೋವೀನ್ ಎರಡೂ ಅಕ್ಟೋಬರ್ 31ಕ್ಕೇ ಬಂದಿದ್ದವು. ಬೆಳಿಗ್ಗೆ ಎಣ್ಣೆಸ್ನಾನ, ಸಂಜೆ ದೆವ್ವದ ವೇಷ ಹಾಕಿ ಮನೆಮನೆಗೆ ಹೋಗಿ ಮಿಠಾಯಿ ಕೇಳುವುದು. ಕಜ್ಜಾಯದ ಮೇಲೆ ಚಾಕೊಲೇಟ್ ಬಿದ್ದು ನನ್ನ ಮಗ ರಾತ್ರಿಯಿಡೀ ವಾಂತಿ ಮಾಡಿದ್ದ. ಹಾಗಾಗಿ 2025ರಲ್ಲಿ ನಾನು ಹುಷಾರಾದೆ. ಇಲ್ಲಿ ಅಮೆರಿಕದ ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಹ್ಯಾಲೋವೀನ್ ಮಿಠಾಯಿಯ ಎರಡು ಥರದ ಚೀಲ ತಂದು ಹೋಲಿಸಿ ನೋಡಿದೆ.

ಮೊದಲನೆಯದು ಮಾಮೂಲಿ ಫನ್ ಸೈಜ್ (ಪುಟ್ಟ ಅಳತೆಯ) ಚಾಕೊಲೇಟ್‌ಗಳ ಚೀಲ: ಸ್ನಿಕರ್ಸ್, ಕಿಟ್ ಕ್ಯಾಟ್ ಇತ್ಯಾದಿ. ಎರಡನೆಯದು ಮಕ್ಕಳಿಗೆ ಒಳ್ಳೆಯದು ಅಂತ ಬರೆದುಕೊಂಡ ಹಣ್ಣಿನ ಗಮ್ಮಿ, ಅಂದರೆ ಜಗಿಯುವ ಅಂಟು ಮಿಠಾಯಿ. ಹಸಿರು ಚೀಲ, ಮೇಲೆ ಎಲೆಯ ಚಿತ್ರ, ಬೆಲೆ ಹೆಚ್ಚುಕಮ್ಮಿ ಎರಡರಷ್ಟು. ಕಂಪನಿ ಹೆಸರು ಬೇಡ ಬಿಡಿ.

ಮೈಸೂರಿನಿಂದ ಬಂದಿದ್ದ ಅಮ್ಮ ಊಟದ ಮೇಜಿನ ಮೇಲೆ ಎಲ್ಲ ಸುರಿದುಕೊಂಡು, ಕನ್ನಡಕ ಹಾಕಿಕೊಂಡು ಹಿಂದಿನ ಸಣ್ಣಕ್ಷರ ಓದಲು ಕೂತರು. ಅವರಿಗೆ ಹತ್ತು ವರ್ಷದಿಂದ ಶುಗರ್. ಸಕ್ಕರೆ ಲೆಕ್ಕ ಬಾಯಿಪಾಠ. ಹಣ್ಣಿನ ಗಮ್ಮಿಯ ಪುಟ್ಟ ಪೊಟ್ಟಣ ಒಂದರಲ್ಲಿ 10 ಗ್ರಾಂ ಸಕ್ಕರೆ! ಮರಗೆಣಸಿನ ಸಿರಪ್, ಕಬ್ಬಿನ ಸಕ್ಕರೆ, ಆಮೇಲೆ ಹಣ್ಣಿನ ರಸ. ಎಲ್ಲದರ ಹಿಂದೆಯೂ ಆರ್ಗ್ಯಾನಿಕ್ ಅನ್ನೋ ಬಾಲ. ಸ್ನಿಕರ್ಸ್ ಫನ್ ಸೈಜ್ ಒಂದಕ್ಕೆ ಸುಮಾರು 80 ಕ್ಯಾಲರಿ, 8-9 ಗ್ರಾಂ ಸಕ್ಕರೆ. ಅಂದರೆ ಎರಡು ಚಮಚ. ‘ಆ ಗಮ್ಮಿಗಿಂತ ಈ ಸ್ನಿಕರ್ಸೇ ವಾಸಿ ಕಣೇ, ಕಡ್ಲೆಮಿಠಾಯಿಗೆ ಚಾಕೊಲೇಟ್ ಬಳಿದಿದ್ದಾರೆ ಅಷ್ಟೆ’ ಅಂದರು ಅಮ್ಮ. ಇನ್ನೆರಡು ಸಾಲು ಓದಿದವರು ಅದನ್ನು ಮೆಲ್ಲಗೆ ದೂರ ಸರಿಸಿದರು. ಮೊಟ್ಟೆಯ ಬಿಳಿ ಇದೆ ಅದರಲ್ಲಿ! ಹದಿನಾಲ್ಕು ವರ್ಷದಿಂದ ಇಲ್ಲಿದ್ದೀನಿ, ನನಗೇ ಗೊತ್ತಿರಲಿಲ್ಲ. ನಿಮ್ಮದೂ ಮೊಟ್ಟೆ ತಿನ್ನದ ಮನೆಯಾದರೆ ಹಿಂಬದಿ ಓದಿಯೇ ಕೊಳ್ಳಿ. ಗಮ್ಮಿ, ಮಾರ್ಷ್‌ಮೆಲೋ ಥರದವುಗಳಲ್ಲಿ ಪ್ರಾಣಿಗಳ ಮೂಳೆ-ಚರ್ಮದಿಂದ ಮಾಡುವ ಜೆಲಾಟಿನ್ ಇದೆಯಾ ಅಂತಲೂ ನೋಡಿ.

ಎರಡು ವರ್ಷ ದಾಟಿದ ಮಕ್ಕಳಿಗೆ ತಿಂಡಿ-ಪಾನೀಯಕ್ಕೆ ಮೇಲಿಂದ ಸೇರಿಸಿದ ಸಕ್ಕರೆ ದಿನಕ್ಕೆ 25 ಗ್ರಾಂ ಒಳಗಿರಲಿ ಅನ್ನುತ್ತದೆ ಅಮೆರಿಕನ್ ಹಾರ್ಟ್ ಅಸೋಸಿಯೇಷನ್. ಮೂರು ಸ್ನಿಕರ್ಸ್‌ಗೆ ಆ ಲೆಕ್ಕ ಮುಗಿಯಿತು. ನಮ್ಮನೆಯಲ್ಲಿ ಮಾಡಿಕೊಂಡ ಒಪ್ಪಂದ ಇಷ್ಟೇ: ಮೊದಲು ಸಾರು-ಅನ್ನ, ಪಲ್ಯ. ಊಟ ಆದ ಕೂಡಲೇ ಮಗನೇ ಆರಿಸಿಕೊಂಡ ಎರಡು ಮಿಠಾಯಿ. ಊಟದ ಹೊತ್ತಿಗೆ ಬಾಯಲ್ಲಿ ಎಂಜಲು ಜಾಸ್ತಿ ಊರುತ್ತದೆ, ಸಿಹಿ ಬೇಗ ತೊಳೆದುಹೋಗುತ್ತದೆ. ಚಾಕೊಲೇಟಾದರೆ ಕರಗಿ ಹೋಯಿತು. ಆ ‘ಆರೋಗ್ಯದ’ ಗಮ್ಮಿ ಮಾತ್ರ ದವಡೆ ಹಲ್ಲಿನ ಕುಳಿಯಲ್ಲಿ ಕೂತು, ಬ್ರಷ್ ಮಾಡುವಾಗಲೂ ಅಲ್ಲೇ ಇತ್ತು. ರುಚಿ? ಮಗ ಒಂದು ತಿಂದು, ‘ಅಮ್ಮ, ಇದು ಕೆಮ್ಮಿನ ಔಷಧಿ’ ಅಂದ. ಸರಿಯಾಗೇ ಹೇಳಿದ.

ನಿಜಕ್ಕೂ ಗೆದ್ದಿದ್ದು ದುಡ್ಡು ಕೊಡದೇ ಸಿಕ್ಕಿದ್ದು: ಬಾಗಿಲಿಗೆ ಇಡಲು ಕೆತ್ತಿದ ಕುಂಬಳಕಾಯಿಯ ಬೀಜ. ನಾರು ಬಿಡಿಸಿ, ತೊಳೆದು, ಎಣ್ಣೆ, ಉಪ್ಪು, ಖಾರದಪುಡಿ ಸವರಿ ಓವನ್‌ನಲ್ಲಿ 350 ಡಿಗ್ರಿ ಫ್ಯಾರನ್‌ಹೀಟ್‌ಗೆ ಇಪ್ಪತ್ತು ನಿಮಿಷ ಹುರಿದೆ. ಮೊದಲ ಸಲ ತೇವ ಆರಿಸದೇ ಇಟ್ಟು ಚಪ್ಪಲಿ ಚರ್ಮ ಆಯಿತು. ಎರಡನೇ ಸಲ ಬಟ್ಟೆ ಮೇಲೆ ಒಣಗಿಸಿದೆ. ಕಟುಂ ಕಟುಂ ಅಂತ ಬಂತು. ಮಗ ಒಂದು ಹಿಡಿ ತಿಂದ, ಉಳಿದ ತಟ್ಟೆ ನಮ್ಮ ಯಜಮಾನರು ಟಿವಿ ಮುಂದೆ ಖಾಲಿ ಮಾಡಿದರು.

ಮಾಮೂಲಿ ಚೀಲಕ್ಕೆ ಐದಕ್ಕೆ ನಾಲ್ಕು. ಅಳತೆ ಸಣ್ಣದು, ಬಚ್ಚಿಡೋಕೆ ಸುಲಭ. ಹಸಿರು ಚೀಲಕ್ಕೆ ಒಂದೂವರೆ, ಅದೂ ಎಲೆಯ ಚಿತ್ರ ಚೆನ್ನಾಗಿದೆ ಅಂತ. ಉಳಿದ ಗಮ್ಮಿ ಇನ್ನೂ ಡಬ್ಬಿಯಲ್ಲಿದೆ, ಯಾರೂ ಮುಟ್ಟಿಲ್ಲ. ಕಿಟ್ ಕ್ಯಾಟ್ ಮಾತ್ರ ಒಂದು ಲೆಕ್ಕಕ್ಕೆ ಸಿಗುತ್ತಿರಲಿಲ್ಲ. ಅಮ್ಮ ಊರಿಗೆ ಹೊರಟ ದಿನ ಅವರ ಕನ್ನಡಕದ ಡಬ್ಬಿಯಲ್ಲಿ ಕೆಂಪು ಕಾಗದ ಕಂಡಿತು. ನಾನು ಸುಮ್ನಿದ್ದೆ.