ಸೆಸ್ನಾ 172ಕ್ಕೆ ಟೋ ಬಾರ್: ಮೂರು ಬಗೆ ಬಳಸಿ ನೋಡಿದ ಮೇಲೆ

ಟೋ ಬಾರ್ (ವಿಮಾನದ ಮುಂಚಕ್ರಕ್ಕೆ ಸಿಕ್ಕಿಸಿ ಎಳೆಯುವ ಸರಳು) ಕೊಳ್ಳುವವರು ಮೊದಲು ಕೇಳುವ ಪ್ರಶ್ನೆ, ಎಷ್ಟು ಗಟ್ಟಿ ಇದೆ, ಎಷ್ಟು ತೂಕ ಎಳೆಯುತ್ತದೆ ಎಂದು. ನನ್ನ ಪ್ರಕಾರ ಅದನ್ನು ಕೊನೆಗೆ ಕೇಳಿದರೂ ನಡೆಯುತ್ತದೆ. ಪುಟ್ಟ ವಿಮಾನವನ್ನು ಕೈಯಲ್ಲಿ ಸರಿಸುವಾಗ ಬಾರ್‌ನ ಮುಖ್ಯ ಕೆಲಸ ಎಳೆಯುವುದಲ್ಲ, ಮುಂಚಕ್ರವನ್ನು ಬೇಕಾದ ಕಡೆ ತಿರುಗಿಸುವುದು.

ನಮ್ಮದು 1976ರ ಸೆಸ್ನಾ 172ಎಂ, ಒಂದೇ ಎಂಜಿನ್ನಿನ ಪುಟ್ಟ ವಿಮಾನ. ಮೂವರ ಪಾಲು. ಕ್ಯಾಲಿಫೋರ್ನಿಯಾದ ಲಿವರ್‌ಮೋರ್‌ನಲ್ಲಿ ಒಂದು ಟಿ-ಹ್ಯಾಂಗರ್ (ಟಿ ಆಕಾರದ ವಿಮಾನದ ಶೆಡ್) ಒಳಗೆ ಇರುತ್ತದೆ. ಬೆಂಗಳೂರಿನ ಜಕ್ಕೂರಿನಲ್ಲಿ ತರಬೇತಿ ವಿಮಾನಗಳನ್ನು ನೋಡಿದವರಿಗೆ ಇದರ ಗಾತ್ರ ಗೊತ್ತಿರುತ್ತದೆ. ಖಾಲಿ ಇದ್ದಾಗ ಸುಮಾರು 650 ಕೆಜಿ, ಎರಡೂ ಟ್ಯಾಂಕ್ ತುಂಬಿಸಿದರೆ ಇನ್ನೊಂದು 115 ಕೆಜಿ. ಕೇಳಿದರೆ ಭಯವಾಗುತ್ತದೆ. ಆದರೆ ಸಮತಟ್ಟಾದ ಕಾಂಕ್ರೀಟ್ ಮೇಲೆ ಒಬ್ಬರೇ ಉರುಳಿಸಬಹುದು. ಸತಾಯಿಸುವುದು ಇಳಿಜಾರು. ಮಳೆನೀರು ಹರಿದುಹೋಗಲಿ ಎಂದು ಹ್ಯಾಂಗರ್ ಮುಂದೆ ನೂರಡಿಗೆ ಎರಡಡಿ ಇಳಿಜಾರು ಕೊಟ್ಟಿದ್ದರೂ ಸಾಕು, 15 ಕೆಜಿಯಷ್ಟು ಜಾಸ್ತಿ ಬಲ ಹಾಕಬೇಕು. ಅದರ ಮೇಲೆ ಬಾಗಿಲಿನ ಹಳಿ ಬೇರೆ. ಆಗ ಬಾರ್ ಹಿಡಿದವರು ಎಷ್ಟು ಹೆಣಗಿದರೂ ಪ್ರಯೋಜನ ಕಡಿಮೆ. ಇನ್ನೊಬ್ಬರು ರೆಕ್ಕೆಯ ಸ್ಟ್ರಟ್ (ರೆಕ್ಕೆಗೆ ಆನಿಕೆ ಕೊಡುವ ಓರೆ ಕಂಬ) ಹಿಡಿದು ತಳ್ಳಬೇಕು. ಸೆಸ್ನಾ ಕೈಪಿಡಿಯೂ ಇದನ್ನೇ ಹೇಳುತ್ತದೆ: ರೆಕ್ಕೆಯ ಸ್ಟ್ರಟ್, ಇಲ್ಲವೇ ಲ್ಯಾಂಡಿಂಗ್ ಗೇರ್. ಪ್ರೊಪೆಲರ್ ನಡುವಿನ ಚೂಪು ಟೊಪ್ಪಿ, ಅಂದರೆ ಸ್ಪಿನ್ನರ್ ಮೇಲೆ ಕೈ ಇಟ್ಟು ತಳ್ಳುವವರನ್ನು ನೋಡಿದರೆ ನನಗೆ ಮೈ ಉರಿಯುತ್ತದೆ.

ಮೊದಲು ಬಳಸಿದ್ದು ವಿಮಾನದ ಜೊತೆಗೇ ಬಂದ ವೈ ಆಕಾರದ ಹಳೇ ಬಾರ್. ಎರಡು ಕಾಲು ಅಗಲಿಸಿ, ಮುಂಚಕ್ರದ ಎರಡೂ ಬದಿಗೆ ಸಿಕ್ಕಿಸಿ ಬಿಡುವುದು. ಹಗುರ, ಬ್ಯಾಗೇಜ್ ಜಾಗದಲ್ಲಿ ಸುಮ್ನೆ ಬಿದ್ದಿರುತ್ತದೆ, ಬೇರೆ ಊರಿಗೆ ಹೋದಾಗಲೂ ಕೈಗೆ ಸಿಗುತ್ತದೆ. ಕೊರತೆ ಒಂದೇ, ಹಿಡಿ ಗಿಡ್ಡ. ಬಗ್ಗಿ ಎಳೆಯಬೇಕು, ಬಗ್ಗಿದಾಗ ಭುಜ ಪ್ರೊಪೆಲರ್ ಅಲಗಿನ ಪಕ್ಕಕ್ಕೇ ಬರುತ್ತದೆ. ಎಂಜಿನ್‌ಗೆ ಕಿಡಿ ಕೊಡುವ ಮ್ಯಾಗ್ನೆಟೋದ ಅರ್ತ್ ತಂತಿ ತುಂಡಾಗಿದ್ದರೆ, ಕೀಲಿ ಆಫ್ ಇದ್ದರೂ ಪ್ರೊಪೆಲರ್ ಸ್ವಲ್ಪ ತಿರುಗಿದ್ದಕ್ಕೇ ಎಂಜಿನ್ ಚಾಲೂ ಆಗಿಬಿಡಬಹುದು. ಆ ಜಾಗದಲ್ಲಿ ತಲೆ ಇಟ್ಟುಕೊಂಡು ಕೆಲಸ ಮಾಡುವುದು ನನಗಂತೂ ಬೇಡ.

ಎರಡನೆಯದು ಒಬ್ಬ ಪಾಲುದಾರ ಆನ್‌ಲೈನ್‌ನಲ್ಲಿ ತರಿಸಿದ ಅಗ್ಗದ 'ಎಲ್ಲ ವಿಮಾನಕ್ಕೂ ಹೊಂದುವ' ಬಾರ್. ಎಲ್ಲಕ್ಕೂ ಹೊಂದುತ್ತದೆ ಎಂದರೆ ಯಾವುದಕ್ಕೂ ಸರಿಯಾಗಿ ಹೊಂದುವುದಿಲ್ಲ ಎಂದೇ ಅರ್ಥ, ಅಲ್ವಾ? ಮುಂದಕ್ಕೆ ಎಳೆಯುವಾಗ ಚೆನ್ನಾಗೇ ಇತ್ತು. ಹಿಂದಕ್ಕೆ ತಳ್ಳುವಾಗ ಅದರ ಬಣ್ಣ ಬಯಲಾಯಿತು. ಮುಂಚಕ್ರ ಹಿಮ್ಮುಖವಾಗಿ ಉರುಳುವಾಗ ತಾನಾಗಿ ನೇರ ನಿಲ್ಲುವುದಿಲ್ಲ. ಚೂರು ವಾಲಿದರೆ ಇನ್ನಷ್ಟು ವಾಲುತ್ತಲೇ ಹೋಗುತ್ತದೆ. ಆ ವಾಲುವಿಕೆ ಕೈಗೆ ತಕ್ಷಣ ಗೊತ್ತಾಗಬೇಕು. ಈ ಬಾರ್‌ನ ಪಿನ್‌ಗಳು ಸಡಿಲ, ಹಿಡಿಯನ್ನು ಅರ್ಧ ಗೇಣು ಆಡಿಸಿದರೂ ಚಕ್ರ ಅಲ್ಲಾಡುತ್ತಿರಲಿಲ್ಲ. ಜೊತೆಗೆ ಕಾಲುಗಳು ಚಕ್ರದ ಹೊದಿಕೆ, ಅಂದರೆ ಫೇರಿಂಗ್‌ಗೆ ಉಜ್ಜಿ ಬಣ್ಣ ಕೆರೆದವು. ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಸ್ಪ್ರಿಂಗ್ ಸೋತಿತು.

ಈಗ ಕೆಲವು ವರ್ಷಗಳಿಂದ ಬಳಸುತ್ತಿರುವುದು ಮಡಚಿ ಗಿಡ್ಡ ಮಾಡಬಹುದಾದ ಅಲ್ಯೂಮಿನಿಯಂ ಬಾರ್. ತಲೆಭಾಗ ಸೆಸ್ನಾ ಅಳತೆಗೇ ಮಾಡಿದ್ದು, ಹಿಡಿ ಟಿ ಆಕಾರದ್ದು. ಇದೇ ವಿನ್ಯಾಸವನ್ನು ಹಲವರು ಮಾರುತ್ತಾರೆ, ಹಾಗಾಗಿ ಹೆಸರಿಗಿಂತ ಅಳತೆ ನೋಡಿ. ಪೂರ್ತಿ ಬಿಚ್ಚಿದಾಗ ನಿಂತೇ ಹಿಡಿಯುವಂತಿರಬೇಕು, ಪ್ರೊಪೆಲರ್ ಸುತ್ತಿನಿಂದ ಆಚೆ ಇರಬೇಕು. ಕಾಲುಗಳು ಫೇರಿಂಗ್ ದಾಟುವಷ್ಟು ಹೊರಕ್ಕೆ ಬಾಗಿರಬೇಕು. ಎರಡೂ ಕೈಗೆ ಸಿಗುವ ಟಿ ಹಿಡಿ ಇದ್ದರೆ ಹಿಂದಕ್ಕೆ ತಳ್ಳುವಾಗ ಎತ್ತಿನಗಾಡಿಯ ಮೂಕಿ ಹಿಡಿದಷ್ಟು ಹಿಡಿತ ಸಿಗುತ್ತದೆ. ಬೆಲೆ ಟ್ಯಾಂಕ್ ತುಂಬಿಸುವ ಖರ್ಚಿಗಿಂತ ಕಡಿಮೆಯೇ. ಕೀಲುಗಳಲ್ಲಿ ಈಗ ಸ್ವಲ್ಪ ಸದ್ದು ಬರುತ್ತದೆ, ಚಳಿಗಾಲದಲ್ಲಿ ಬೀಗದ ಗುಂಡಿ ಬಿಗಿಯಾಗುತ್ತದೆ. ಅಷ್ಟು ಬಿಟ್ಟರೆ ದೂರಿಲ್ಲ.

ಉದ್ದ ಹಿಡಿಯಿಂದ ಒಂದು ಅಪಾಯವೂ ಇದೆ. ಸನ್ನೆಕೋಲು ಉದ್ದವಾದಷ್ಟೂ ಚಕ್ರವನ್ನು ಮಿತಿ ಮೀರಿ ತಿರುಗಿಸುವುದು ಸುಲಭ. 172ಕ್ಕೆ ಮಧ್ಯದಿಂದ ಎರಡೂ ಕಡೆ 30 ಡಿಗ್ರಿ, ಅಷ್ಟೇ. ಅದು ದಾಟಿದರೆ ಸ್ಟೀರಿಂಗ್‌ನ ತಡೆಗಳು ಮುರಿಯುತ್ತವೆ, ಚಕ್ರದ ನಡುಕ ತಡೆಯುವ ಶಿಮ್ಮಿ ಡ್ಯಾಂಪರ್‌ಗೂ ಪೆಟ್ಟು. ಬಾಲದ ಚುಕ್ಕಾಣಿ, ಅಂದರೆ ರಡರ್‌ಗೆ ಲಾಕ್ ಹಾಕಿದ್ದರೆ ಮೊದಲು ಅದನ್ನು ತೆಗೆಯಿರಿ, ಮುಂಚಕ್ರಕ್ಕೂ ರಡರ್‌ಗೂ ನಂಟಿದೆ. ಬಾರ್ ಹಿಡಿದು ಮೂಗನ್ನು ಮೇಲಕ್ಕೆ ಎತ್ತಲೂ ಹೋಗಬೇಡಿ. ಮುಂಚಕ್ರದ ಕಾಲು (ಅದನ್ನೂ ಸ್ಟ್ರಟ್ ಎನ್ನುತ್ತಾರೆ) ಪೂರ್ತಿ ಚಾಚಿಕೊಂಡರೆ ಚಕ್ರ ನೇರಕ್ಕೆ ಲಾಕ್ ಆಗುತ್ತದೆ, ಆಮೇಲೆ ಏನು ಮಾಡಿದರೂ ತಿರುಗುವುದಿಲ್ಲ.

ಬಣ್ಣದ ಬಗ್ಗೆ ಹಟ ಹಿಡಿಯಿರಿ. ಕೆಂಪೋ ಕಿತ್ತಳೆಯೋ ಆಗಿರಲಿ, ಬೆಳ್ಳಿ ಬಣ್ಣ ಬೇಡ. ಸೀಟಿನಲ್ಲಿ ಕೂತರೆ ಮೂಗಿನ ಕೆಳಗೆ ಬಿದ್ದಿರುವ ಬಾರ್ ಕಾಣುವುದೇ ಇಲ್ಲ. ಅದನ್ನು ಬಿಚ್ಚದೆ ಎಂಜಿನ್ ಚಾಲೂ ಮಾಡಿದವರಿದ್ದಾರೆ, ಹಾಗೇ ಹಾರಿದವರೂ ಇದ್ದಾರೆ. ಪ್ರೊಪೆಲರ್‌ಗೆ ಏಟು ಬಿದ್ದರೆ ಅಲಗು ಬದಲಿಸಿ ಮುಗಿಯುವುದಿಲ್ಲ. ನಮ್ಮದೂ ಸೇರಿ ಹೆಚ್ಚಿನ ಲೈಕಮಿಂಗ್ ಎಂಜಿನ್‌ಗಳಲ್ಲಿ ಕ್ರ್ಯಾಂಕ್‌ಶಾಫ್ಟ್‌ನ ಹಿಂದಿನ ಗೇರ್ ತೆರೆದು ಪರೀಕ್ಷಿಸಲೇಬೇಕು ಎಂದು ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ 2004ರಲ್ಲಿ ಆದೇಶ ಹೊರಡಿಸಿದೆ. ನಮ್ಮ ಮೂವರ ಕಟ್ಟುನಿಟ್ಟು ಇಷ್ಟೇ: ಕೈ ಬಿಟ್ಟರೆ ಬಾರ್ ಬಿಚ್ಚಿರಬೇಕು. ಫೋನ್ ಬಂದರೂ, ಅರೆನಿಮಿಷಕ್ಕಾದರೂ ಸರಿ.

ಬೇರೆ ವಿಮಾನದವರಿಗೆ ಈ ವಿಮರ್ಶೆ ಪೂರ್ತಿ ಹೊಂದದು. ಸಿರಸ್, ಡೈಮಂಡ್ ಡಿಎ40 ಇವುಗಳ ಮುಂಚಕ್ರ ಪೆಡಲ್‌ಗೆ ಜೋಡಿಸದೆ ಸ್ವತಂತ್ರವಾಗಿ ತಿರುಗುತ್ತದೆ, ಬಾರ್ ತಲೆಯೂ ಬೇರೆ. ಬಾಲದಲ್ಲಿ ಚಕ್ರ ಇರುವವುಗಳ ಕಥೆಯೇ ಬೇರೆ.

ಪಾಲುದಾರರಲ್ಲಿ ಒಬ್ಬರಿಗೆ ಈಗ ಬ್ಯಾಟರಿ ಡ್ರಿಲ್‌ನಿಂದ ಓಡುವ, ವಿಮಾನ ಸರಿಸುವ ಸೈಡ್‌ವೈಂಡರ್ ಥರದ ಯಂತ್ರ ಬೇಕಂತೆ. ಬೆನ್ನುನೋವಿದ್ದವರಿಗೆ, ಒಂಟಿಯಾಗಿ ಏರು ಹತ್ತಿಸುವವರಿಗೆ ಅದು ಒಳ್ಳೆಯದೇ. ನಾನು ಸದ್ಯಕ್ಕೆ ಒಪ್ಪಿಲ್ಲ. ಮುಂಚಕ್ರಕ್ಕೆ 31 ಪಿಎಸ್‌ಐ, ಹಿಂದಿನವಕ್ಕೆ 29 ಗಾಳಿ ಇರಬೇಕು. ವಿಮಾನ ಭಾರ ಎಂದು ಅವರು ಗೊಣಗಿದ ದಿನ ಗೇಜ್ ಹಿಡಿದು ನೋಡಿದರೆ, ಎಡಚಕ್ರದಲ್ಲಿ ಇದ್ದದ್ದು 20ಕ್ಕೂ ಕಡಿಮೆ.