ಹಾಯಿಗೆ ಟಾರ್ಪಾಲಿನ್ ಚೀಲ ಹೊಲಿಸುವ ಮುನ್ನ

ನಾವು ಮೂವರು ಗೆಳೆಯರು ಸೇರಿ ಕೊಂಡ 27 ಅಡಿಯ ಹಳೆಯ ಹಾಯಿದೋಣಿ ಗೋವಾದ ಮಾಂಡವಿ ನದಿಯಲ್ಲಿ ಲಂಗರು ಹಾಕಿಕೊಂಡು ನಿಂತಿರುತ್ತದೆ; ನಾವಿರುವುದು ಬೆಂಗಳೂರಿನಲ್ಲಿ. ರಾತ್ರಿ ಬಸ್ಸು ಹಿಡಿದು ತಿಂಗಳಿಗೊಮ್ಮೆ ಹೋಗಿ ಎರಡು ದಿನ ಹಾಯಿ ಬಿಚ್ಚಿ ಓಡಾಡಿ ಬರುತ್ತೇವೆ. ಮಿಕ್ಕ ದಿನಗಳಲ್ಲಿ ಮುಖ್ಯ ಹಾಯಿಯನ್ನು ಬಿಸಿಲಿನಿಂದಲೂ ಉಪ್ಪುಗಾಳಿಯಿಂದಲೂ ಕಾಯುವುದು ಅದರ ಹೊದಿಕೆಯೊಂದೇ. ಆ ಹೊದಿಕೆಯನ್ನು ಆರಿಸುವಾಗ ನಾವು ಮಾಡಿದ ತಪ್ಪಿನಿಂದ ಒಂದೇ ಋತುವಿನಲ್ಲಿ ಹಾಯಿಯ ತಲೆಭಾಗ ಹಾಳಾಯಿತು. ಮಳೆಗಾಲ ಮುಗಿಯುವುದರೊಳಗೆ ಹೊಸ ಹೊದಿಕೆ ಮಾಡಿಸಬೇಕೆಂದಿರುವವರು ದಯವಿಟ್ಟು ಇದನ್ನು ಓದಿದ ಮೇಲೆಯೇ ಮುಂಗಡ ಕೊಡಿ.

ದೋಣಿಯ ಜೊತೆ ಬಂದದ್ದು ಹಳೆಯ ಮಾದರಿಯ ಹೊದಿಕೆ. ಹಾಯಿಯನ್ನು ಇಳಿಸಿ, ಅದರ ಬುಡವನ್ನು ಹಿಡಿದಿರುವ ಅಡ್ಡಮರದ, ಅಂದರೆ ಬೂಮಿನ, ಮೇಲೆ ಮಡಿಸಿ ಕಟ್ಟಿ, ಮೇಲಿನಿಂದ ಹೊದಿಸಿ ಕೆಳಗೆ ಕೊಕ್ಕೆ ಹಾಕುವಂಥದ್ದು. ನೀಲಿ ಬಣ್ಣ ಮಾಸಿತ್ತು, ಎರಡು ಕಡೆ ಹರಿದಿತ್ತು. ಪ್ರತಿ ಸಲವೂ ಹದಿನೈದು ನಿಮಿಷ ಹಿಡಿಯುತ್ತಿದ್ದ ಆ ಕೆಲಸ ನಮಗೆ ಬೇಸರವಾಗಿತ್ತು. ಪಕ್ಕದ ದೋಣಿಯೊಂದರಲ್ಲಿ ಬೂಮಿಗೇ ಸೇರಿಕೊಂಡಿರುವ ಉದ್ದನೆಯ ಚೀಲವಿತ್ತು. ಕೂವೆಮರದಿಂದ, ಅಂದರೆ ಹಾಯಿಯನ್ನು ಏರಿಸುವ ನೆಟ್ಟನೆಯ ಕಂಬದಿಂದ, ಇಳಿಬಿಟ್ಟ ಹಗ್ಗಗಳು, ಲೇಜಿ ಜ್ಯಾಕ್ ಎನ್ನುತ್ತಾರೆ, ಇಳಿಯುವ ಹಾಯಿಯನ್ನು ಎರಡೂ ಬದಿಯಿಂದ ತಡೆದು ಆ ಚೀಲದೊಳಗೇ ಬೀಳಿಸುತ್ತಿದ್ದವು. ಜಿಪ್ ಎಳೆದರೆ ಕೆಲಸ ಮುಗಿಯಿತು. ನಮಗೂ ಅದೇ ಬೇಕೆನಿಸಿತು.

ಹಾಯಿ ಹೊಲಿಯುವ ಕಸುಬಿನವರೊಬ್ಬರು ಹೇಳಿದ ಬೆಲೆ ಹೆಚ್ಚೆನಿಸಿ, ಬೆಂಗಳೂರಿನಲ್ಲೇ ಮಾಡಿಸೋಣವೆಂದು ಜೆ.ಸಿ. ರಸ್ತೆಯ ಕಡೆ ಕಾರಿನ ಸೀಟ್ ಕವರ್ ಹೊಲಿಯುವ ಒಂದು ಅಂಗಡಿಗೆ ಹೋದೆವು. ಅಲ್ಲಿನವರು ಪಿವಿಸಿ ಲೇಪನದ ದಪ್ಪ ಬಟ್ಟೆಯನ್ನು ಮೇಜಿನ ಮೇಲೆ ಹರಡಿ, ಅದರ ಮೇಲೆ ಒಂದು ಲೋಟ ನೀರು ಸುರಿದು ತೋರಿಸಿದರು. "ಲಾರಿಗೆ ಹಾಕೋ ಮಾಲು ಸಾರ್, ಒಂದು ಹನಿ ಒಳಗೆ ಹೋಗಲ್ಲ" ಎಂದರು. ಅವರು ಹೇಳಿದ್ದು ನಿಜವೇ ಆಗಿತ್ತು. ಹೊಲಿಗೆಯೂ ಅಚ್ಚುಕಟ್ಟಾಗಿತ್ತು. ಕೇಳಬೇಕಾದದ್ದನ್ನು ಕೇಳದೆ ಹೋದವರು ನಾವು.

ಅಳತೆಯಲ್ಲೇ ಮೊದಲು ಎಡವಿದೆವು. ಮಳೆಗಾಲವಾದ್ದರಿಂದ ಹಾಯಿ ಜಯನಗರದ ನಮ್ಮ ಮನೆಯಲ್ಲಿತ್ತು. ಅದನ್ನು ತಾರಸಿಯ ಮೇಲೆ ಹಾಸಿ, ಮೂವರೂ ಸೇರಿ ಸೀರೆ ಮಡಿಸಿದಷ್ಟು ನೀಟಾಗಿ ಮಡಿಸಿ, ಮಡಿಕೆಯ ಎತ್ತರವನ್ನು 40 ಸೆಂಟಿಮೀಟರ್ ಎಂದು ಬರೆದುಕೊಂಡೆವು. ಆದರೆ ದೋಣಿಯ ಮೇಲೆ ಹಾಯಿ ಹಾಗೆ ಕೂರುವುದಿಲ್ಲ. ಹಾಯಿಯ ಮುಂದಿನ ಅಂಚಿನಲ್ಲಿ, ಕೂವೆಮರದ ಉದ್ದಕ್ಕೂ ಇರುವ ಸೀಳಿನೊಳಗೆ ಜಾರುವ ಸ್ಲೈಡುಗಳಿರುತ್ತವೆ; ಹಾಯಿ ಇಳಿದಾಗ ಅವು ಒಂದರ ಮೇಲೊಂದು ಪೇರಿಕೊಳ್ಳುತ್ತವೆ. ಅಕ್ಟೋಬರಿನಲ್ಲಿ ಚೀಲವನ್ನು ಬೂಮಿಗೆ ಕಟ್ಟಿ ಹಾಯಿ ಇಳಿಸಿದಾಗ ಕೂವೆಮರದ ಪಕ್ಕದ ರಾಶಿ 70 ಸೆಂಟಿಮೀಟರ್ ದಾಟಿತ್ತು. ಹಿಂದಿನಿಂದ ಎಳೆದುಕೊಂಡು ಬಂದ ಜಿಪ್ ಕೂವೆಮರಕ್ಕೆ ಒಂದೂವರೆ ಅಡಿ ಇರುವಾಗಲೇ ನಿಂತುಬಿಟ್ಟಿತು. ಸ್ವಲ್ಪ ತಾನೇ ಎಂದು ಹಾಗೆಯೇ ಬಿಟ್ಟು ಬಂದೆವು. ಮಡಿಸಿದ ಹಾಯಿಯಲ್ಲಿ ಎಲ್ಲಕ್ಕಿಂತ ಮೇಲೆ, ಕೂವೆಮರದ ಪಕ್ಕದಲ್ಲೇ, ಮಲಗುವುದು ಅದರ ತಲೆಭಾಗ. ಎತ್ತುವ ಹಗ್ಗದ ಸೆಳೆತವನ್ನೆಲ್ಲ ಹೊರುವ ಆ ಭಾಗವನ್ನೇ ನಾವು ಆರು ತಿಂಗಳು ಬಿಸಿಲಿಗೆ ಒಡ್ಡಿದ್ದೆವು.

ಎರಡನೆಯ ತಪ್ಪು ಬಟ್ಟೆಯದು. ಡಿಸೆಂಬರಿನಲ್ಲಿ ಜಿಪ್ ತೆರೆದಾಗ ಮುಚ್ಚಿಟ್ಟ ಒದ್ದೆ ಬಟ್ಟೆಯ ಮುಗ್ಗುಲು ವಾಸನೆ ಮುಖಕ್ಕೆ ಹೊಡೆಯಿತು. ಮಡಿಕೆಗಳ ಒಳಗೆ, ರಾಗಿ ಚೆಲ್ಲಿದ ಹಾಗೆ, ಕಪ್ಪು ಬೂಷ್ಟಿನ ಚುಕ್ಕೆಗಳು. ಚೀಲದ ತಳದಲ್ಲಿ ಬೆರಳದ್ದುವಷ್ಟು ನೀರು ನಿಂತಿತ್ತು, ಏಕೆಂದರೆ ಅದು ಬಸಿದುಹೋಗಲು ನಾವು ಎಲ್ಲಿಯೂ ದಾರಿ ಬಿಟ್ಟಿರಲಿಲ್ಲ. ದೋಣಿ ನೋಡಿಕೊಳ್ಳುವ ಅಂಕೋಲೆಯ ಕಡೆಯ ಹಿರಿಯರು ಅದನ್ನು ನೋಡಿ, "ಹೊರಗಿನ ನೀರು ಒಳಗೆ ಬರೂದಿಲ್ಲ, ಖರೆ. ಒಳಗಿನ ನೀರು ಎಲ್ಲಿಂದ ಹೋಗ್ಬೇಕು?" ಎಂದು ಕೇಳಿದರು. ಉಪ್ಪು ಅಂಟಿದ ಹಾಯಿ ಗಾಳಿಯ ತೇವವನ್ನು ಹೀರಿಕೊಳ್ಳುತ್ತಲೇ ಇರುತ್ತದೆ. ಗಾಳಿಯಾಡದ ಪಿವಿಸಿಯೊಳಗೆ ಆ ತೇವ ಆರುವುದೇ ಇಲ್ಲ. ನಮ್ಮ ಹಾಯಿ ಡೇಕ್ರಾನಿನದು, ಅಂದರೆ ಪಾಲಿಯೆಸ್ಟರ್. ಬೂಷ್ಟು ಅದರ ಎಳೆಯನ್ನು ತಿನ್ನುವುದಿಲ್ಲ, ನಿಜ. ಆದರೆ ಆ ಕಲೆ ಎಷ್ಟು ತಿಕ್ಕಿದರೂ ಪೂರ್ತಿ ಹೋಗಲಿಲ್ಲ.

ಡೇಕ್ರಾನಿಗೆ ದೊಡ್ಡ ಶತ್ರು ಬಿಸಿಲು. ಅತಿನೇರಳೆ ಕಿರಣ ಬಟ್ಟೆಯನ್ನೂ ಹೊಲಿಗೆಯ ದಾರವನ್ನೂ ಸದ್ದಿಲ್ಲದೆ ಟೊಳ್ಳು ಮಾಡುತ್ತದೆ. ಏಪ್ರಿಲಿನ ಒಂದು ಮಧ್ಯಾಹ್ನ, ವಾಯವ್ಯದ ಕಡಲಗಾಳಿ ಬಲವಾಗಿ ಬೀಸುತ್ತಿರುವಾಗ ಹಾಯಿ ಎತ್ತುತ್ತಿದ್ದೆವು. ಹಾಯಿಯೊಳಗೆ ಅಡ್ಡಲಾಗಿ ತೂರಿಸಿದ ಬ್ಯಾಟನ್ ಪಟ್ಟಿಯ ತುದಿ ಲೇಜಿ ಜ್ಯಾಕಿನ ಹಗ್ಗಕ್ಕೆ ಸಿಕ್ಕಿಕೊಂಡಿತು. ಆ ಹಗ್ಗಗಳನ್ನು ಸಡಿಲಿಸಿ ಕೂವೆಮರದ ಕಡೆಗೆ ಎಳೆದು ಕಟ್ಟುವ ಏರ್ಪಾಡು ಇರಬೇಕಿತ್ತು. ನಾವು ಅವನ್ನು ಒಂದೇ ಅಳತೆಗೆ ಬಿಗಿದುಬಿಟ್ಟಿದ್ದೆವು. ಸಿಕ್ಕು ಬಿಡಿಸುವುದರೊಳಗೆ ದೋಣಿಯ ಮೂತಿ ಗಾಳಿಯಿಂದ ತಿರುಗಿತು, ಅರ್ಧ ಏರಿದ ಹಾಯಿ ಪಟಪಟನೆ ಬಡಿದುಕೊಳ್ಳತೊಡಗಿತು. ನಾಲ್ಕೈದು ಬಡಿತಕ್ಕೇ ತಲೆಭಾಗದ ಹೊಲಿಗೆ ಸಾಲಾಗಿ ಬಿಟ್ಟುಕೊಂಡಿತು. ಆಮೇಲೆ ಆ ದಾರವನ್ನು ಉಗುರಿನಿಂದ ಕೆರೆದು ನೋಡಿದೆ. ಒಣಗಿದ ಹಿಟ್ಟಿನಂತೆ ಉದುರಿತು. ಚೀಲವನ್ನು ಹೊಲಿದಿದ್ದ ನೈಲಾನ್ ದಾರದ ಗತಿಯೂ ಅಷ್ಟೇ ಆಗಿತ್ತು, ಜಿಪ್ಪಿನ ಲೋಹದ ಎಳೆತುಂಡು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಹಾಯಿಯ ದುರಸ್ತಿಗೆ ತೆತ್ತ ಹಣ ಚೀಲದ ಬೆಲೆಯ ಎರಡು ಪಟ್ಟಾಯಿತು.

ಚೀಲದ ವ್ಯವಸ್ಥೆಯೇ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ವಾರವಾರವೂ ಹಾಯಿ ಬಿಚ್ಚುವವರಿಗೆ, ಸರಿಯಾಗಿ ಹೊಲಿದದ್ದಾದರೆ, ಅದು ಬಹಳ ಅನುಕೂಲ. ಕೂವೆಮರದೊಳಗೇ ಹಾಯಿ ಸುತ್ತಿಕೊಳ್ಳುವ ಏರ್ಪಾಡನ್ನು ಕೆಲವರು ಹೊಗಳುತ್ತಾರೆ. ಅದಕ್ಕೆ ಅಡ್ಡ ಬ್ಯಾಟನ್ ಇಲ್ಲದ ಬೇರೆಯೇ ಹಾಯಿ ಬೇಕು, ಗಾಳಿ ಏರಿದಾಗ ಅರ್ಧದಲ್ಲಿ ಸಿಕ್ಕಿಕೊಂಡರೆ ಹಾಯಿ ಒಳಗೂ ಹೋಗದು, ಕೆಳಗೂ ಇಳಿಯದು. ನಮ್ಮಂಥ ಹಳೆಯ ಚಿಕ್ಕ ದೋಣಿಗೆ ಅದರ ಖರ್ಚು ಸಲ್ಲದು. ಮೂರು ವಾರ ಯಾರೂ ಮುಟ್ಟದೆ ನಿಲ್ಲುವ ದೋಣಿಗೆ ಹಳೆಯ ಹೊದಿಕೆಯೇ ಮೇಲು ಎಂಬುದು ಈಗ ನನ್ನ ನಿಲುವು. ನಾವು ಎಸೆದ ಆ ಮಾಸಿದ ನೀಲಿ ಬಟ್ಟೆಗೆ ಎರಡು ತೇಪೆ ಹಾಕಿಸಿದ್ದರೆ ಸಾಕಾಗಿತ್ತು ಎಂಬ ಸಂಕಟ ಇನ್ನೂ ಹೋಗಿಲ್ಲ.

ಈ ಸಲ ಹೊದಿಕೆ ಮಾಡಿಸಿರುವುದು ಸನ್‌ಬ್ರೆಲ್ಲಾ ಜಾತಿಯ ಅಕ್ರಿಲಿಕ್ ಬಟ್ಟೆಯಲ್ಲಿ. ಇದರ ಬಣ್ಣವನ್ನು ಎಳೆ ತೆಗೆಯುವ ಮೊದಲೇ ಬೆರೆಸಿರುತ್ತಾರೆ, ಆದ್ದರಿಂದ ಬಿಸಿಲಿಗೆ ಬೇಗ ಮಾಸುವುದಿಲ್ಲ. ಮಳೆ ಜಾರಿಹೋಗುತ್ತದೆ, ಒಳಗಿನ ತೇವ ಆವಿಯಾಗಿ ಹೊರಬೀಳುತ್ತದೆ. ದಾರಕ್ಕೆ ಜಿಪುಣತನ ಬೇಡ. ಪಿಟಿಎಫ್‌ಇ, ಅಂದರೆ ಟೆಫ್ಲಾನ್ ಜಾತಿಯ, ದಾರಕ್ಕೆ ಬಿಸಿಲು ಏನೂ ಮಾಡಲಾರದು. ಅದರ ಬೆಲೆ ಭಾರವೆನಿಸಿದರೆ ಬಿಸಿಲು ತಡೆಯುವ ದಪ್ಪ ಪಾಲಿಯೆಸ್ಟರ್ ದಾರವನ್ನಾದರೂ ಕೇಳಿ ಹಾಕಿಸಿ. ಚೀಲವನ್ನೇ ಮಾಡಿಸುವುದಾದರೆ ಜಿಪ್ಪಿನ ಹಲ್ಲೂ ಎಳೆತುಂಡೂ ಪ್ಲಾಸ್ಟಿಕ್ಕಿನದಿರಲಿ, ಅದರ ಮೇಲೆ ಬಟ್ಟೆಯ ಮುಚ್ಚಳವಿರಲಿ, ತಳದಲ್ಲಿ ನೀರು ಬಸಿಯುವ ತೂತುಗಳಿರಲಿ.

ಅಳತೆಯನ್ನು ದೋಣಿಯ ಮೇಲೆಯೇ ತೆಗೆದುಕೊಳ್ಳಿ. ದಣಿದು ದಡಕ್ಕೆ ಮರಳುವ ಸಂಜೆ ನೀವು ಹೇಗೆ ಒರಟಾಗಿ ಮಡಿಸುತ್ತೀರೋ ಹಾಗೆಯೇ ಹಾಯಿಯನ್ನು ಮಡಿಸಿ, ಕೂವೆಮರದ ಬಳಿ, ನಡುವೆ, ಬೂಮಿನ ತುದಿಯಲ್ಲಿ ಸುತ್ತಳತೆ ತೆಗೆಯಿರಿ. ಹಾಯಿಯ ತಲೆಯಿಂದ ಇನ್ನೂ ಒಂದು ಗೇಣು ಮೇಲಕ್ಕೆ ಹೊದಿಕೆ ಕೂವೆಮರವನ್ನು ಅಪ್ಪಿಕೊಳ್ಳಬೇಕು. ಈ ಅಳತೆ ಬರೆದ ಕಾಗದವನ್ನು ಅಂಗಡಿಯವರ ಕೈಗಿಟ್ಟ ಮೇಲೆ ಬಟ್ಟೆಯ ಮಾತು ಎತ್ತಿ.