ಕೆಂಧೂಳಿನ ದಾರಿಯಲ್ಲಿ ತೊಳೆದು ಬಳಸುವ ಏರ್ ಫಿಲ್ಟರ್: 60,000 ಕಿಲೋಮೀಟರ್ ಓಡಿಸಿ ತೆಗೆದವನ ಮಾತು

ನನ್ನದು 2014ರ ಸ್ವಿಫ್ಟ್ ಡೀಸೆಲ್, 1.3 ಲೀಟರ್ ಎಂಜಿನ್. ಮನೆ ಹೊಸಪೇಟೆಯಲ್ಲಿ, ಕೆಲಸ ಸಂಡೂರಿನಲ್ಲಿ. ಈ ದಾರಿಯಲ್ಲಿ ಅದಿರಿನ ಲಾರಿಗಳ ಹಿಂದೆ ಓಡಾಡಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ನನ್ನ ಕಾರಿನ ಬಣ್ಣ ಬಿಳಿ ಎಂದು ನೋಂದಣಿ ಪುಸ್ತಕ ಹೇಳುತ್ತದೆ, ಅಷ್ಟೆ.

ಎಂಜಿನ್ ಎಳೆದುಕೊಳ್ಳುವ ಗಾಳಿಯ ಧೂಳು ಸೋಸುವ ಕಾಗದದ ಫಿಲ್ಟರನ್ನು ಹತ್ತು ಸಾವಿರ ಕಿಲೋಮೀಟರಿಗೊಂದರಂತೆ ಬಿಸಾಡಿ ಬಿಸಾಡಿ ಬೇಸತ್ತು, 2016ರಲ್ಲಿ ತೊಳೆದು ಮತ್ತೆ ಬಳಸುವ ಹತ್ತಿಯ ಫಿಲ್ಟರ್ ಹಾಕಿಸಿದೆ. ಮೂರು ವರ್ಷ ಓಡಿಸಿ ತೆಗೆದೆ. ಕಂಪನಿಯ ಹೆಸರು ಬೇಡ. ತಕರಾರು ಏನಿದ್ದರೂ ಈ ಬಗೆಯ ಫಿಲ್ಟರನ್ನು ಇಂಥ ದಾರಿಗೆ ತಂದ ನನ್ನ ಮೇಲೆಯೇ.

ಹಾಕಿಸಿದ ಮೊದಲ ದಿನ ಕಾರು ಚುರುಕಾದಂತೆ ಅನ್ನಿಸಿತು. ಚುರುಕಾದದ್ದು ಸದ್ದು ಮಾತ್ರ ಎಂದು ತಿಳಿಯಲು ಒಂದು ತಿಂಗಳು ಹಿಡಿಯಿತು. ಗಾಳಿ ಎಳೆದುಕೊಳ್ಳುವ ದನಿ ತುಸು ದಪ್ಪವಾಗಿ, ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊದ ಶಿಳ್ಳೆ ಮೊದಲಿಗಿಂತ ಸ್ಪಷ್ಟವಾಗಿ ಕೇಳುತ್ತಿತ್ತು. ಕಿವಿ ಹೇಳಿದ್ದನ್ನು ಕಾಲು ನಂಬಿತು. ಮೈಲೇಜ್ ಇದ್ದಲ್ಲೇ ಇತ್ತು. ಅದರಲ್ಲಿ ಅಚ್ಚರಿಯೂ ಇಲ್ಲ. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯದವರು 2009ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಇಂಧನವನ್ನು ಕಂಪ್ಯೂಟರ್ ಅಳೆದು ಕೊಡುವ ಈಗಿನ ಪೆಟ್ರೋಲ್ ಕಾರುಗಳಲ್ಲಿ ಫಿಲ್ಟರ್ ಕಟ್ಟಿಕೊಂಡರೂ ಮೈಲೇಜ್ ಹೇಳಿಕೊಳ್ಳುವಷ್ಟು ಬದಲಾಗಲಿಲ್ಲ. ವೇಗ ಹಿಡಿಯುವುದು ಮಾತ್ರ ನಿಧಾನವಾಯಿತು. ಕೊಳಕು ಫಿಲ್ಟರಿನ ಕತೆಯೇ ಹೀಗಿರುವಾಗ, ಹೊಸ ಕಾಗದದ ಜಾಗದಲ್ಲಿ ಹೊಸ ಹತ್ತಿ ಕುಳಿತರೆ ಡೀಸೆಲ್ ಉಳಿದೀತೆಂದು ನಾನು ಯಾವ ಧೈರ್ಯದಲ್ಲಿ ಲೆಕ್ಕ ಹಾಕಿದೆನೋ!

ಇನ್ನು ಇದು ಕೆಲಸ ಮಾಡುವ ಬಗೆ. ಅಲ್ಯೂಮಿನಿಯಂ ಜಾಲರಿಗಳ ನಡುವೆ ತೆಳು ಹತ್ತಿಬಟ್ಟೆಯ ಕೆಲವು ಪದರಗಳು, ಮೇಲೆ ಅಂಟಂಟು ಎಣ್ಣೆ. ಬಟ್ಟೆಯ ಕಂಡಿಗಳು ಕಾಗದದ ರಂಧ್ರಗಳಿಗಿಂತ ದೊಡ್ಡವು, ಆದ್ದರಿಂದಲೇ ಗಾಳಿ ಸಲೀಸು. ಧೂಳನ್ನು ಹಿಡಿಯುವ ಹೊಣೆ ಬಹುಪಾಲು ಎಣ್ಣೆಯದು. ಕಾಗದದ ರೀತಿ ಬೇರೆ. ಅದು ನಮ್ಮ ಕಾಫಿ ಫಿಲ್ಟರಿನ ಹಾಗೆ. ಮೊದಲ ಹನಿಗಳ ಜೊತೆ ಒಂದಿಷ್ಟು ಪುಡಿ ಇಳಿಯುತ್ತದೆ. ಗಸಿ ಕುಳಿತ ಮೇಲೆ ಗಸಿಯೇ ಸೋಸುತ್ತದೆ. ಕಾಗದದ ಮೇಲೆ ಧೂಳಿನ ತೆಳು ಪದರ ಕೂತಷ್ಟೂ, ಪೂರ್ತಿ ಕಟ್ಟಿಕೊಳ್ಳುವವರೆಗೆ, ಅದು ಇನ್ನಷ್ಟು ನಯವಾದ ಧೂಳನ್ನು ತಡೆಯುತ್ತದೆ. ಗ್ಯಾರೇಜಿನ ಹುಡುಗರು ಪ್ರತಿ ಸಲವೂ ಗಾಳಿಯ ಪೈಪ್ ಹಿಡಿದು ಬುಸ್ ಎನ್ನಿಸುವುದನ್ನು ಕಂಡರೆ ನನಗೆ ಈಗ ಕೈಹಿಡಿದು ನಿಲ್ಲಿಸಬೇಕು ಅನ್ನಿಸುತ್ತದೆ. ಒತ್ತಡ ಹೆಚ್ಚಾದರೆ ಕಾಗದವೇ ಹರಿಯುತ್ತದೆ.

ತೊಳೆಯುವುದು ಒಂದು ವ್ರತ. ದ್ರಾವಣ ಸಿಂಪಡಿಸಿ ಹತ್ತು ನಿಮಿಷ ಬಿಡಬೇಕು. ನೀರನ್ನು ಮೆಲ್ಲಗೆ, ಒಳಬದಿಯಿಂದ ಹೊರಬದಿಗೆ ಬಿಡಬೇಕು, ಇಲ್ಲದಿದ್ದರೆ ಕೊಳೆ ಒಳಗೇ ಸೇರುತ್ತದೆ. ಬಿಸಿಗಾಳಿ ಕೂಡದು, ತಾನಾಗಿ ಒಣಗಬೇಕು. ಬೇಸಿಗೆಯಲ್ಲಿ ಅರ್ಧ ದಿನ ಸಾಕು. ಜುಲೈಯಲ್ಲಿ ಎರಡು ದಿನ ಮೊರದ ಮೇಲೆ ಹಪ್ಪಳದಂತೆ ಹರವಿಟ್ಟು, ನಾನು ಬಸ್ಸಿನಲ್ಲಿ ಕೆಲಸಕ್ಕೆ ಹೋದೆ. ಆಮೇಲೆ ಎಣ್ಣೆ. ಆ ಎಣ್ಣೆಯ ಬಣ್ಣ ಕೆಂಪು, ಎಲ್ಲಿ ತಾಗಿದೆ ಎಲ್ಲಿ ಇಲ್ಲ ಎಂದು ಕಾಣಲಿ ಎಂಬ ಉದ್ದೇಶದಿಂದ. ನಮ್ಮ ಅದಿರಿನ ಧೂಳೂ ಕೆಂಪು! ಫಿಲ್ಟರ್ ಕೊಳೆಯಾಗಿದೆಯೋ ಎಣ್ಣೆಯಿಂದ ತೋಯ್ದಿದೆಯೋ ಎಂದು ಬಿಸಿಲಿಗೆ ಹಿಡಿದು ನೋಡಿದರೂ ನನಗೆ ಒಮ್ಮೆಯೂ ತಿಳಿಯಲಿಲ್ಲ.

ಅದೇ ಗೊಂದಲದಲ್ಲಿ ಎರಡನೆಯ ಸಲ ಎಣ್ಣೆ ಹೆಚ್ಚು ಸುರಿದೆ. ನಾಲ್ಕೇ ದಿನಕ್ಕೆ ಎಂಜಿನ್ ದೀಪ ಹೊತ್ತಿಕೊಂಡಿತು, ಘಾಟಿ ಏರುವಾಗ ಕಾರು ಉಸಿರುಕಟ್ಟಿದಂತೆ ಆಡಿತು. ಫಿಲ್ಟರ್ ದಾಟಿದ ಮೇಲೆ ಒಳಬರುವ ಗಾಳಿಯನ್ನು ಅಳೆಯುವ ಸೆನ್ಸರ್ ಇರುತ್ತದೆ. ಅದರ ಬಿಸಿ ಪೊರೆಯ ಮೇಲೆ ಎಣ್ಣೆ ಕೂತರೆ ಅಳತೆ ತಪ್ಪುತ್ತದೆ. ಗಾಳಿ ಕಡಿಮೆಯೆಂದು ಭಾವಿಸಿದ ಕಂಪ್ಯೂಟರ್ ಡೀಸೆಲ್ ಕೊಡುವುದನ್ನೂ ಕಡಿಮೆ ಮಾಡುತ್ತದೆ. ಸೆನ್ಸರ್ ತೊಳೆಯುವ ಸ್ಪ್ರೇಯಿಂದಲೇ ಸರಿಹೋಯಿತು. ಹೊಸದನ್ನೇ ಹಾಕಬೇಕಾಗಿದ್ದರೆ ನಾನು ಉಳಿಸಲು ಹೊರಟ ಹಣವೆಲ್ಲ ಅಲ್ಲಿಗೇ ಹೋಗುತ್ತಿತ್ತು.

ಉಳಿಸಲು ಹೊರಟದ್ದಾದರೂ ಎಷ್ಟು? ಫಿಲ್ಟರಿಗೆ ಕೊಟ್ಟದ್ದು 5,400 ರೂಪಾಯಿ, ತೊಳೆಯುವ ದ್ರಾವಣ ಮತ್ತು ಎಣ್ಣೆಗೆ 1,400. ನನಗೆ ಸಿಗುತ್ತಿದ್ದ ಕಾಗದದ ಫಿಲ್ಟರ್ 350. ಹತ್ತು ಸಾವಿರಕ್ಕೊಂದು ಬದಲಿಸಿದರೂ ಆ 60,000 ಕಿಲೋಮೀಟರಿಗೆ ಖರ್ಚು 2,100. ಅಸಲು ಹುಟ್ಟಲು ಎರಡು ಲಕ್ಷ ಕಿಲೋಮೀಟರ್ ಹತ್ತಿರ ಓಡಬೇಕಿತ್ತು. ಕಸ ಕಡಿಮೆಯಾಗುತ್ತದೆ ಎನ್ನುವ ವಾದವನ್ನು ಅರ್ಧ ಒಪ್ಪುತ್ತೇನೆ. ತೊಳೆದ ಎಣ್ಣೆನೀರು ಹೋದದ್ದು ನಮ್ಮ ಮನೆಯ ಮುಂದಿನ ಚರಂಡಿಗೆ.

ಕೊನೆಗೆ ಮನಸ್ಸು ಮುರಿದದ್ದು ಹಣದಿಂದಲ್ಲ. ಮೂರನೆಯ ವರ್ಷ ಫಿಲ್ಟರ್ ಆಚೆಗಿನ ಪೈಪ್ ಬಿಚ್ಚಿಸಿ, ಒಳಗೆ ಬಿಳಿ ಪಂಚೆಯ ತುಂಡು ಹಾಕಿ ಒರೆಸಿದೆ. ಬಟ್ಟೆಗೆ ಕುಂಕುಮ ತೀಡಿದಂತೆ ನವಿರಾದ ಕೆಂಪು ಹತ್ತಿತು. ಅದರಲ್ಲಿ ಎಣ್ಣೆಯ ಪಾಲು ಸ್ವಲ್ಪ ಇರಬಹುದೆಂದು ಬೆರಳಲ್ಲಿ ಉಜ್ಜಿದರೆ ಗರಗರ ಎಂದಿತು. ಆ ಪೈಪಿನ ಮುಂದಿನ ನಿಲ್ದಾಣ ಟರ್ಬೊ, ನಿಮಿಷಕ್ಕೆ ಲಕ್ಷ ಸುತ್ತು ದಾಟಬಲ್ಲ ಸಣ್ಣ ಚಕ್ರ.

ಡಾಂಬರು ರಸ್ತೆಯಲ್ಲೇ ಓಡುವ, ಎಂಜಿನ್ ಸದ್ದನ್ನು ಪ್ರೀತಿಸುವ, ಎಣ್ಣೆ ಹನಿ ಎಣಿಸಿ ಹಾಕುವ ತಾಳ್ಮೆಯಿರುವವರು ಇದನ್ನು ಕೊಳ್ಳಲಿ. ನನ್ನದು ಈಗ ಅಟ್ಟದ ಮೇಲಿದೆ. ಕಾಗದಕ್ಕೆ ಮರಳಿದಾಗ ಮೊದಲು ಆ ಪೈಪನ್ನು ಪೂರ್ತಿ ತೊಳೆಸಿದೆ. ಹತ್ತು ಸಾವಿರ ಕಿಲೋಮೀಟರ್ ಆದ ಮೇಲೆ ಹಳೆಯದನ್ನು ಕಲ್ಲಿನ ಮೇಲೆ ಕುಟ್ಟಿದರೆ ಅರ್ಧ ಬೊಗಸೆ ಕೆಮ್ಮಣ್ಣು ಉದುರಿತು. ಪಂಚೆಯ ಇನ್ನೊಂದು ತುಂಡನ್ನು ಅದೇ ಪೈಪಿನಲ್ಲಿ ಆಡಿಸಿ ಹೊರತೆಗೆದೆ. ಬಿಳಿಯಾಗಿಯೇ ಇತ್ತು.